ಗಾಡಿ ತಾನೇ ಬಂದ್ ಬಿದ್ದರೆ: ಐಡಲ್ ಶಟ್‌ಡೌನ್ ತಕರಾರು ಹುಡುಕುವ ಬಗೆ

"ಸರ, ಗಾಡಿ ತನ್ನಷ್ಟಕ್ಕೆ ತಾನೇ ಬಂದ್ ಆಗ್ಲಾಕತ್ತದ್ರಿ." ಶಹಾಬಾದಿನ ಪರಸಿ ಗಣಿಯಿಂದಲೋ ಸೇಡಂ ಕಡೆಯ ರಸ್ತೆ ಕೆಲಸದಿಂದಲೋ ಇಂಥ ಫೋನ್ ಬಂದರೆ (ಗಾಡಿ ಅಂದರೆ ಇಲ್ಲಿ ಎಕ್ಸ್‌ಕವೇಟರ್, ಲೋಡರ್, ಜೆಸಿಬಿ) ಟೂಲ್ ಬಾಕ್ಸ್ ಎತ್ತಿಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದೇ: ಇಂಜಿನ್ ನಿಂತಾಗ ಬಕೆಟ್ ಮಣ್ಣಲ್ಲಿತ್ತೋ, ಆಪರೇಟರ್ ಚಹಾಕ್ಕೆ ಇಳಿದಿದ್ದರೋ?

ಬಕೆಟ್ ಮಣ್ಣಲ್ಲಿದ್ದಾಗ ನಿಂತಿದ್ದರೆ ಅದು ಹೆಚ್ಚುಕಡಿಮೆ ಐಡಲ್ ಶಟ್‌ಡೌನ್ (ಕೆಲಸವಿಲ್ಲದೆ ಓಡುವ ಇಂಜಿನ್ನನ್ನು ಗಾಡಿ ತಾನೇ ನಿಲ್ಲಿಸುವ ಸೌಲಭ್ಯ) ಅಲ್ಲ. ಆರ್‌ಪಿಎಂ ಏರಿಳಿದು, ಕೆಮ್ಮಿ ನಿಂತು, ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದರೆ ಡೀಸೆಲ್ ಕಡೆ ನೋಡಿ. ಫಿಲ್ಟರ್ ಕಟ್ಟಿರುತ್ತದೆ, ಡೀಸೆಲ್‌ನಿಂದ ನೀರು ಬೇರ್ಪಡಿಸುವ ಸಪರೇಟರ್‌ನಲ್ಲಿ ನೀರು ನಿಂತಿರುತ್ತದೆ, ಇಲ್ಲವೇ ಸಕ್ಷನ್ ಪೈಪಿನಲ್ಲಿ ಗಾಳಿ ಹಿಡಿಯುತ್ತಿರುತ್ತದೆ. ಕ್ಯಾನ್, ಬ್ಯಾರಲ್‌ನಿಂದ ಡೀಸೆಲ್ ಸುರಿಯುವ ಸೈಟುಗಳಲ್ಲಿ ನೀರೇ ಮೊದಲ ಅಪರಾಧಿ. ಇಂಜಿನ್ ಜೊತೆಗೆ ಮಾನಿಟರೂ ಒಮ್ಮೆಲೇ ಕತ್ತಲಾದರೆ ಮೇನ್ ರಿಲೇ, ಫ್ಯೂಸ್, ಬ್ಯಾಟರಿ ಟರ್ಮಿನಲ್, ಅರ್ಥ್ ಕೇಬಲ್ ನೋಡಬೇಕು. ನಿಜವಾದ ಐಡಲ್ ಶಟ್‌ಡೌನ್ ಸಭ್ಯವಾಗಿ ಬರುತ್ತದೆ: ಲೋ ಐಡಲ್‌ನಲ್ಲಿ ಇಂಜಿನ್ ಓಡುತ್ತಿರುತ್ತದೆ, ಬಹಳಷ್ಟು ಗಾಡಿಗಳಲ್ಲಿ ದೀಪ ಮಿನುಗಿಯೋ ಬಜರ್ ಕೂಗಿಯೋ ಎಚ್ಚರಿಸುತ್ತದೆ, ನಂತರ ಇಂಜಿನ್ ನಿಲ್ಲುತ್ತದೆ. ಮಾನಿಟರ್ ಉರಿಯುತ್ತಲೇ ಇರುತ್ತದೆ.

ಇನ್ನೊಂದು ಗೊಂದಲ. ಲಿವರ್ ಬಿಟ್ಟ ನಾಲ್ಕೈದು ಸೆಕೆಂಡಿಗೆ ಆರ್‌ಪಿಎಂ ಇಳಿಸುವುದು ಆಟೋ ಐಡಲ್. ಸೆಟ್ ಮಾಡಿದಷ್ಟು ನಿಮಿಷ ಕಾದು ಇಂಜಿನ್ನನ್ನೇ ನಿಲ್ಲಿಸುವುದು ಐಡಲ್ ಶಟ್‌ಡೌನ್. ಎರಡರ ಸೆಟಿಂಗ್ ಬೇರೆ ಬೇರೆ. ಕೀಲಿ ಹಾಕಿ ಸ್ಟಾರ್ಟ್ ಮಾಡುತ್ತಿದ್ದ ಹಳೇ ಮೆಕ್ಯಾನಿಕಲ್ ಪಂಪಿನ ಜೆಸಿಬಿಯಲ್ಲಿ ಎರಡನೆಯದು ಇರುವುದೇ ಇಲ್ಲ. ಅದು ತಾನೇ ನಿಂತರೆ ಸ್ಟಾಪ್ ಸೊಲೆನಾಯ್ಡ್‌ನ (ಡೀಸೆಲ್ ಕಡಿದು ಇಂಜಿನ್ ನಿಲ್ಲಿಸುವ ಕರೆಂಟ್ ಸ್ವಿಚ್ಚು) ವೈರ್ ಹಿಡಿದು ಹೋಗಿ. ಚಕ್ರದ ಗಾಡಿಗಳಿಗೆ 2021ರ ಏಪ್ರಿಲ್‌ನಲ್ಲಿ ಸಿಇವಿ ಹಂತ 4 (ನಿರ್ಮಾಣ ಯಂತ್ರಗಳ ಹೊಗೆ ಮಿತಿಯ ನಿಯಮ) ಬಂದ ಮೇಲೆ ಮಾತ್ರ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಇಲ್ಲದ ಹೊಸ ಗಾಡಿ ಕಾಣುವುದು ಅಪರೂಪವಾಯಿತು.

ಹೆಚ್ಚಿನ ದೂರು ಉಲ್ಟಾ ಇರುತ್ತದೆ: ಸೆಟಿಂಗ್ 5 ನಿಮಿಷ ಇದೆ, ಗಾಡಿ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಟೈಮರ್ ಸುಮ್ಮನೆ ಎಣಿಸುವುದಿಲ್ಲ. ಲಾಕ್ ಲಿವರ್ (ಉಳಿದ ಲಿವರ್‌ಗಳು ಕೆಲಸ ಮಾಡದಂತೆ ತಡೆಯುವುದು) ಹಾಕಿರಬೇಕು, ಲೋಡರ್ ಆದರೆ ನ್ಯೂಟ್ರಲ್ ಮತ್ತು ಪಾರ್ಕಿಂಗ್ ಬ್ರೇಕ್, ಆರ್‌ಪಿಎಂ ತಳದಲ್ಲಿರಬೇಕು, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ರೀಜನ್, ಅಂದರೆ ಆ ಮಸಿ ಸುಡುವ ಕೆಲಸ, ನಡೆಯುತ್ತಿರಬಾರದು, ಕೆಲವು ಗಾಡಿಗಳಲ್ಲಿ ಕೂಲಂಟ್ ಬಿಸಿಯಾಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ಆದ್ದರಿಂದ ಇಸಿಎಂ ಬದಲಿಸುವ ಮಾತು ಎತ್ತುವ ಮೊದಲು, ಇದರಲ್ಲಿ ಯಾವುದು ಆಗಿಲ್ಲ ಅಂತ ಗಾಡಿ ತಿಳಿದುಕೊಂಡಿದೆ ನೋಡಿ.

ಹಿಟಾಚಿಯಲ್ಲಿ (ನಮ್ಮಲ್ಲಿ ಯಾವ ಕಂಪನಿಯ ಎಕ್ಸ್‌ಕವೇಟರ್ ಇದ್ದರೂ ಅದು ಹಿಟಾಚಿಯೇ) ಮೊದಲ ಅನುಮಾನ ಲಾಕ್ ಲಿವರ್ ಸ್ವಿಚ್ ಮೇಲೆ. ಸೀಟಿನ ಎಡಗಡೆಯ ಕೆಂಪು ಲಿವರ್‌ನ ಕವರ್ ಬಿಚ್ಚಿದರೆ ಒಳಗೆ ಕಲ್ಲಿನ ಬಿಳಿ ಪುಡಿ ಹಿಟ್ಟಿನಂತೆ ಅಡಕವಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಬೂಟಿನ ತೇವ ತಾಗಿ ಅದೇ ಪುಡಿ ಗಾರೆಯಂತೆ ಗಟ್ಟಿಯಾಗುತ್ತದೆ. ಲಿವರ್ ಮೇಲೆದ್ದರೂ ಸ್ವಿಚ್ಚಿನ ಪ್ಲಂಜರ್ ಅರ್ಧಕ್ಕೇ ನಿಲ್ಲುತ್ತದೆ. ಆಪರೇಟರ್ ಕಣ್ಣಿಗೆ ಲಾಕ್, ಇಸಿಎಂ ಕಣ್ಣಿಗೆ ಅಲ್ಲ. ಒಂದು ಸುಳಿವು: ಲಾಕ್ ಇದ್ದರೆ ಮಾತ್ರ ಸೆಲ್ಫ್ ತಿರುಗುವ ಗಾಡಿಯಲ್ಲಿ, ಲಿವರ್ ಅಲ್ಲಾಡಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿದೆಯೆಂದರೆ ಎರಡೂ ತಕರಾರಿಗೆ ಕಾರಣ ಈ ಸ್ವಿಚ್ ಒಂದೇ ಇರಬಹುದು.

ಮಾನಿಟರ್‌ನ ಸರ್ವಿಸ್ ಮೆನುವಿನಲ್ಲಿ ಸ್ವಿಚ್ ಸ್ಥಿತಿ ತೋರಿಸುವ ಪುಟ ತೆರೆದು, ಲಿವರ್ ನಿಧಾನ ಎತ್ತಿ ಇಳಿಸಿ. ಬದಲಾಗದಿದ್ದರೆ ಕೀಲಿ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಮೀಟರ್ ಓಮ್‌ಗೆ ಇಟ್ಟು ಸ್ವಿಚ್ಚಿನ ಎರಡು ಪಿನ್ ಹಿಡಿಯಿರಿ. ಮುಚ್ಚಿದಾಗ 1 ಓಮ್‌ಗಿಂತ ಕಡಿಮೆ, ತೆರೆದಾಗ ಪೂರ್ತಿ ಓಪನ್ ಬರಬೇಕು. 20-30 ಓಮ್ ಬಂದು ಕುಣಿಯುತ್ತಿದ್ದರೆ ಕಾಂಟ್ಯಾಕ್ಟ್ ಹೋಗಿದೆ, ಬದಲಿಸಿ. ಸ್ವಿಚ್ ಸರಿಯಿದ್ದರೆ ಅದನ್ನು ಒತ್ತುವ ಪಟ್ಟಿ ಬಾಗಿದೆಯೇ, ಪಿನ್ ಹಸಿರುಗಟ್ಟಿದೆಯೇ, ಇಲಿ ವೈರ್ ಕಡಿದಿದೆಯೇ ನೋಡಿ. ತೊಳೆಯಲು ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಡೀಸೆಲ್ ಹಚ್ಚಿದರೆ ಮರುದಿನವೇ ಅಷ್ಟು ಧೂಳು ಮತ್ತೆ ಅಂಟುತ್ತದೆ.

ಸ್ವಿಚ್ ಪಾಸಾದರೆ ಪೈಲಟ್ ಪ್ರೆಶರ್ ಸೆನ್ಸರ್ (ಬೂಮ್, ಬಕೆಟ್ ನಡೆಸುವ ಲಿವರ್ ಎಳೆದಾಗ ಏರುವ ಎಣ್ಣೆಯ ಒತ್ತಡ ಅಳೆಯುವುದು). ಆ ಲಿವರ್ ಮುಟ್ಟದಿದ್ದಾಗ ಮಾನಿಟರ್‌ನಲ್ಲಿ ಪೈಲಟ್ ಒತ್ತಡ ಸೊನ್ನೆಯ ಆಸುಪಾಸು ಇರಬೇಕು. ಅಲ್ಲಿ ಅಂಕಿ ನಿಂತಿದ್ದರೆ ಯಾರೋ ಲಿವರ್ ಎಳೆಯುತ್ತಿದ್ದಾರೆಂದೇ ಗಾಡಿಯ ನಂಬಿಕೆ. ಆಟೋ ಐಡಲ್ಲೂ ಇಳಿಯುವುದಿಲ್ಲ, ಶಟ್‌ಡೌನ್ ಅಂತೂ ದೂರ. ಅದೇ ಪಾರ್ಟ್ ನಂಬರಿನ ಪಕ್ಕದ ಸೆನ್ಸರ್ ಜೊತೆ ಅದಲುಬದಲು ಮಾಡಿ. ದೋಷ ಜೊತೆಗೇ ಹೋದರೆ ಸೆನ್ಸರ್, ಅಲ್ಲೇ ಉಳಿದರೆ ವೈರ್ ಅಥವಾ ವಾಲ್ವ್.

ನಮ್ಮ ಸೀಮೆಯ ವಿಶೇಷ ಕಾಯಿಲೆಯೊಂದಿದೆ: ಬ್ಯಾಸಗಿಯಲ್ಲಿ ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಡುವುದು. ಕೂಲಂಟ್ 80 ಡಿಗ್ರಿ ಮುಟ್ಟುವುದೇ ಇಲ್ಲ, ಇಂಜಿನ್ ತಣ್ಣಗಿದೆಯೆಂದು ಟೈಮರ್ ಕಾಯುತ್ತಲೇ ಇರುತ್ತದೆ, ಡೀಸೆಲ್ಲೂ ಹೆಚ್ಚು ಉರಿಯುತ್ತದೆ. ಹೀಟಿಗೆ ಮದ್ದು ರೇಡಿಯೇಟರ್ ಫಿನ್‌ಗಳ ಧೂಳು ಊದಿಸುವುದು. ಥರ್ಮೋಸ್ಟಾಟ್ ಮರಳಿ ಕೂರಿಸಿ.

ಕೆಲವು ಗಾಡಿಗಳು ಹೊರಗಿನ ಬಿಸಿಲು ವಿಪರೀತವಾದರೆ ಎಸಿ ಉಳಿಯಲೆಂದು ಶಟ್‌ಡೌನನ್ನೇ ತಡೆಯುತ್ತವೆ. ಕಲಬುರಗಿಯ ಮೇ ತಿಂಗಳ 43 ಡಿಗ್ರಿಯಲ್ಲಿ ಮಧ್ಯಾಹ್ನ ನಿಲ್ಲದ ಗಾಡಿ ಬೆಳಗ್ಗೆ ನಿಂತರೆ ಅದು ದೋಷವಲ್ಲ. ಬೆಳಗ್ಗೆ ಏಳಕ್ಕೇ, ಇಂಜಿನ್ ತಣ್ಣಗಿರುವಾಗಲೇ ಮಾನಿಟರ್ 50 ಡಿಗ್ರಿ ತೋರಿಸಿದರೆ ಮಾತ್ರ ಹೊರಗಾಳಿಯ ಸೆನ್ಸರ್ ನೋಡಿ.

ಶಟ್‌ಡೌನ್ ಸರಿಯಾಗಿ ಕೆಲಸ ಮಾಡಿದಾಗಲೂ ಒಂದು ಪೆಟ್ಟು ಬೀಳುತ್ತದೆ. ಇಂಜಿನ್ ನಿಂತರೂ ಕೀಲಿ ಆನ್‌ನಲ್ಲೇ ಇರುತ್ತದೆ. ಮಾನಿಟರ್, ಬ್ಲೋವರ್, ಲೈಟು ಬ್ಯಾಟರಿ ತಿನ್ನುತ್ತಿರುತ್ತವೆ. ಊಟ ಮುಗಿಸಿ ಬಂದರೆ ಸೆಲ್ಫ್ ಟಕ್ ಅನ್ನುತ್ತದೆ ಅಷ್ಟೆ. 24 ವೋಲ್ಟ್ ಗಾಡಿಯಲ್ಲಿ ನಿಂತಾಗ 25.2ರ ಸುತ್ತ, ಓಡುವಾಗ 27.5ರಿಂದ 28.5 ಇರಬೇಕು. ಚಾರ್ಜಿಂಗ್ ಸರಿಯಿದ್ದೂ ಮತ್ತೆ ಮತ್ತೆ ಬ್ಯಾಟರಿ ಕೂರುತ್ತಿದ್ದರೆ ಹೊಸ ಬ್ಯಾಟರಿ ತರುವ ಮುಂಚೆ, ಗಾಡಿ ಇಳಿಯುವಾಗ ಕೀಲಿ ತಿರುಗಿಸುತ್ತಿದ್ದಾರೆಯೇ ಕೇಳಿ.

ಎಸಿ ನಿಲ್ಲುತ್ತದೆಂದು ಲಾಕ್ ಸ್ವಿಚ್ಚಿನ ವೈರಿಗೆ ಜಂಪರ್ ಹಾಕುವವರಿದ್ದಾರೆ. ಅದೇ ಸ್ವಿಚ್ ಪೈಲಟ್ ಎಣ್ಣೆಯನ್ನೂ ಕಡಿಯುತ್ತದೆ. ಇಳಿಯುವಾಗ ಅಂಗಿ ಲಿವರ್‌ಗೆ ಸಿಕ್ಕಿದರೆ ಬೂಮ್ ತಿರುಗಿ ಕೆಳಗಿನ ಹೆಲ್ಪರ್ ಮೇಲೆ ಬರುತ್ತದೆ. ಎಸಿಯೇ ಬೇಕಿದ್ದರೆ ಮೆನುವಿನಲ್ಲಿ 5ರ ಬದಲು 15 ನಿಮಿಷ ಇಡಿಸಿ. 1 ನಿಮಿಷಕ್ಕೆ ಇಳಿಸಬೇಡಿ; ಭಾರಿ ಕೆಲಸ ಮಾಡಿದ ಟರ್ಬೋ ತಣಿಯಲು ಮೂರರಿಂದ ಐದು ನಿಮಿಷ ಬೇಕು, ಇಲ್ಲದಿದ್ದರೆ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಡಿಇಎಫ್ (ಹೊಗೆ ಶುದ್ಧ ಮಾಡಲು ಸಿಂಪಡಿಸುವ ಯೂರಿಯಾ ದ್ರವ) ಇರುವ ಗಾಡಿಯಾದರೆ ಕೀಲಿ ಆಫ್ ಮಾಡಿದ ಕೂಡಲೇ ಬ್ಯಾಟರಿ ಮಾಸ್ಟರ್ ಸ್ವಿಚ್ ತೆಗೆಯಬೇಡಿ. ಪೈಪಿನಲ್ಲಿ ಉಳಿದ ದ್ರವವನ್ನು ಪಂಪ್ ಟ್ಯಾಂಕಿಗೆ ಹಿಂದಕ್ಕೆ ಎಳೆದುಕೊಳ್ಳುವ ಸದ್ದು ನಿಂತ ಮೇಲೆ ತೆಗೆಯಿರಿ.