ಮಗನ ತೂಕ, ನನ್ನ ಅಡುಗೆಮನೆ

ಬಿ.ಕಾಂ. ಮುಗಿಸಿದ ಮಗ ಕುಸ್ತಿಯನ್ನೇ ಮುಂದುವರಿಸುತ್ತೇನೆ ಎಂದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. "ಮಾಡಲಿ" ಎಂದೆ. ಈಗಲೂ ಅದೇ ಮಾತು.

ದಾವಣಗೆರೆಗೆ ಕುಸ್ತಿ ಹೊಸದಲ್ಲ. ದುಗ್ಗಮ್ಮನ ಜಾತ್ರೆಯ ಅಖಾಡವನ್ನು ಅಪ್ಪನ ಹೆಗಲೇರಿ ನೋಡಿದವನು ಅವನು. ಆದರೆ ಮಣ್ಣಿನ ಕುಸ್ತಿಯೇ ಬೇರೆ, ಮ್ಯಾಟ್ ಕುಸ್ತಿಯೇ ಬೇರೆ. ಇಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ವಿರಾಮ. ಅದಕ್ಕೂ ಮೊದಲು ತಕ್ಕಡಿ ಹತ್ತಿ ತೂಕ ತೋರಿಸಬೇಕು. ಮಗನದು 57 ಕೆ.ಜಿ. ವಿಭಾಗ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಕಂಚು ಗೆದ್ದದ್ದು ಇದರಲ್ಲೇ. ಅದೇ ಕೂಟದಲ್ಲಿ ವಿನೇಶ್ ಫೋಗಟ್ ತಮ್ಮ ವಿಭಾಗದ ಮಿತಿಗಿಂತ 100 ಗ್ರಾಂ ತೂಕ ಹೆಚ್ಚಿದ್ದಕ್ಕೆ ಫೈನಲ್‌ಗೆ ಮುನ್ನ ಅನರ್ಹರಾದರು. ಆ ದಿನ ನನಗೆ ಊಟ ಸೇರಲಿಲ್ಲ.

ಪಂದ್ಯ ಹತ್ತಿರ ಬಂದರೆ ಮನೆಯಲ್ಲಿ ಬೆಣ್ಣೆ ದೋಸೆಯ ಮಾತೇ ಇಲ್ಲ. ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಅರ್ಧ ಮುದ್ದೆ. ಕೊನೆಯಲ್ಲಿ ನೀರು ಬಿಟ್ಟು, ಬೆವರಿಳಿಸಿ ತೂಕ ಇಳಿಸುವುದು ನನಗೆ ಒಪ್ಪಿಗೆಯಿಲ್ಲ; ಅಖಾಡಕ್ಕಿಳಿಯುವ ಮೊದಲೇ ಮೈ ಸೋತಿರುತ್ತದೆ. ವಾರಗಳ ಮುಂಚೆಯೇ ನಿಧಾನವಾಗಿ ಇಳಿಸು ಎಂದು ಹಟ ಹಿಡಿದೆ. ಒಪ್ಪಿದ್ದಾನೆ.

ನೌಕರಿ ಯಾವಾಗ ಎಂದು ನನ್ನಣ್ಣ ಫೋನಿನಲ್ಲಿ ಕೇಳುತ್ತಲೇ ಇರುತ್ತಾನೆ. ನಸುಕಿಗೇ ಎದ್ದು ಓಡುವ ಹುಡುಗ ಸೋಮಾರಿಯಲ್ಲ ಅಣ್ಣಾ, ಎನ್ನುತ್ತೇನೆ. ಅವನ ಕುಸ್ತಿ ಬೂಟು ಸವೆದಿದೆ. ಈ ತಿಂಗಳು ಚೀಟಿ ಎತ್ತಿದ ಹಣ ಅದಕ್ಕೇ.