ಊರಿನ ಹೆಸರು ಬರೆದವರು ಊರಿನಲ್ಲಿರಲಿಲ್ಲ

ಸೋಮವಾರ ಬೆಳಿಗ್ಗೆ ಸಂಸ್ಥೆಯ ಒಡತಿ ಫೋನ್ ಮಾಡಿದರು. ಹಾಸಿಗೆ ಹಿಡಿದವರ ಮನೆಗೆ ದಾದಿಯರನ್ನು ಕಳುಹಿಸುವ ಸಣ್ಣ ಸಂಸ್ಥೆ ಅದು. ಅವರ ಗೂಗಲ್ ಜಾಹೀರಾತುಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. "ಹತ್ತು ದಿನದಿಂದ ಕರೆಗಳೇ ಬರುತ್ತಿಲ್ಲ. ಏನಾದರೂ ಬದಲಾಯಿಸಿದ್ದೀರಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಬದಲಾಯಿಸಿದ್ದು ನಿಜ, ಅದೂ ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ.

ಜಾಹೀರಾತಿಗೆ ಒಂದು ಊರನ್ನು ಗುರುತಿಸಿಕೊಟ್ಟರೆ ಅದು ಆ ಊರಿನವರಿಗೆ ಮಾತ್ರ ಕಾಣಿಸುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ನಾವು ಕೈಹಾಕದೆ ಬಿಟ್ಟರೆ, ಅಲ್ಲಿರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಅದು ಕಾಣಿಸುತ್ತದೆ. ವರದಿಯಲ್ಲಿ ದೂರದೂರದಿಂದ ಬಂದ ಕ್ಲಿಕ್‌ಗಳನ್ನು ಕಂಡ ನಾನು ಹಣ ಸೋರುತ್ತಿದೆ ಎಂದುಕೊಂಡು, ಊರಿನಲ್ಲಿ ಇರುವವರಿಗೆ ಮಾತ್ರ ಎಂಬ ಆಯ್ಕೆಗೆ ಬದಲಾಯಿಸಿದ್ದೆ. ಒಂದೊಂದು ಬಡಾವಣೆಯ ಹೆಸರನ್ನೂ ಒಂದೊಂದು ಸೇವೆಗೆ ಜೋಡಿಸಿ ಉದ್ದನೆಯ ಕೀವರ್ಡ್ ಪಟ್ಟಿಯನ್ನೂ, ಅಂದರೆ ಜನ ಹುಡುಕಬಹುದೆಂದು ನಾವು ಕೊಡುವ ಪದಗಳ ಪಟ್ಟಿಯನ್ನೂ, ಮಾಡಿದ್ದೆ. ಅವುಗಳಲ್ಲಿ ಹೆಚ್ಚಿನವು 'ಹುಡುಕಾಟ ಕಡಿಮೆ' ಎಂಬ ಗುರುತು ಹೊತ್ತು ಸುಮ್ಮನೆ ಬಿದ್ದಿದ್ದವು.

ಬದಲಾವಣೆಗೆ ಮುಂಚಿನ ತಿಂಗಳ ಹುಡುಕಾಟ ಪದಗಳ ವರದಿಯನ್ನು ತೆರೆದೆ. ಕೀವರ್ಡ್ ಎಂಬುದು ನಮ್ಮ ಊಹೆ; ಜನ ನಿಜಕ್ಕೂ ಏನು ಬರೆದರು ಎಂಬುದು ಸಿಗುವುದು ಅಲ್ಲಿಯೇ. ಅಪರೂಪದ ಹುಡುಕಾಟಗಳನ್ನು ಗೌಪ್ಯತೆಯ ಕಾರಣಕ್ಕೆ ಅದು ಮರೆಮಾಡುತ್ತದೆ, ಆದರೆ ಕಂಡಷ್ಟೇ ಸಾಕಾಗಿತ್ತು. ಊರಿನ ಹೆಸರು, ಅದರ ಮುಂದೆ 'ಅಮ್ಮನಿಗೆ ರಾತ್ರಿ ನರ್ಸ್'. ಇನ್ನೊಂದು ಸಾಲಿನಲ್ಲಿ ಊರಿನ ಹೆಸರು, 'ಅಪ್ಪನನ್ನು ನೋಡಿಕೊಳ್ಳಲು'. ಆ ಎರಡು ಸಾಲುಗಳ ಮುಂದೆ ತುಂಬ ಹೊತ್ತು ಕುಳಿತೆ. ಊರಿನಲ್ಲೇ ಇರುವ ಮಗಳು ಊರಿನ ಹೆಸರನ್ನು ಏಕೆ ಬರೆಯುತ್ತಾಳೆ? 'ಹತ್ತಿರದಲ್ಲಿ' ಎನ್ನುತ್ತಾಳೆ, ಇಲ್ಲವೇ ಸೇವೆಯ ಹೆಸರನ್ನಷ್ಟೇ ಬರೆಯುತ್ತಾಳೆ. ಊರಿನ ಹೆಸರನ್ನು ಬರೆಯಬೇಕಾಗುವುದು ಅಲ್ಲಿಲ್ಲದವಳಿಗೆ.

ಒಡತಿಗೆ ಮರಳಿ ಫೋನ್ ಮಾಡಿ, ಸಾಮಾನ್ಯವಾಗಿ ಕರೆ ಮಾಡುವವರು ಯಾರು ಎಂದು ಕೇಳಿದೆ. "ಮಕ್ಕಳು. ದೂರದಿಂದ," ಎಂದರು. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು. ಹತ್ತು ದಿನ ನಾನು ಬಾಗಿಲು ಮುಚ್ಚಿದ್ದು ಈ ಮಕ್ಕಳಿಗೇ.

ಮಧ್ಯಾಹ್ನದ ಹೊತ್ತಿಗೆ ಕ್ಯಾಂಪೇನನ್ನು, ಅಂದರೆ ಒಂದೇ ಗುರಿಯ ಜಾಹೀರಾತುಗಳ ಗುಂಪನ್ನು, ಎರಡಾಗಿ ಒಡೆದೆ. ಒಂದರಲ್ಲಿ ಊರಿನ ಹೆಸರಿಲ್ಲದ ಕೀವರ್ಡ್‌ಗಳು, ಊರಿನಲ್ಲಿ ಇರುವವರಿಗೆ ಮಾತ್ರ. ಇನ್ನೊಂದರಲ್ಲಿ ಪ್ರತಿ ಕೀವರ್ಡ್‌ನಲ್ಲೂ ಊರಿನ ಹೆಸರು. ಅದರ ಗುರಿಯನ್ನು ಮಾತ್ರ ವಿಶಾಲವಾಗಿ ಬಿಟ್ಟೆ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜನ ಬರೆಯುವ ಬೇರೆ ಬೇರೆ ರೂಪಗಳನ್ನೂ ಸೇರಿಸಿದೆ. ದಾದಿಯ ಕೆಲಸ ಹುಡುಕುವವರೂ ಊರಿನ ಹೆಸರನ್ನು ಬರೆಯುತ್ತಾರಾದ್ದರಿಂದ 'ಸಂಬಳ', 'ತರಬೇತಿ', 'ಉದ್ಯೋಗ' ಎಂಬವನ್ನು ತಡೆಪಟ್ಟಿಗೆ ಹಾಕಿದೆ; ಆ ಪದಗಳಿರುವ ಹುಡುಕಾಟಕ್ಕೆ ಜಾಹೀರಾತು ಕಾಣಿಸದು. ಅಲ್ಲಿ ಏಕವಚನ ಹಾಕಿದರೆ ಬಹುವಚನ ತಾನಾಗಿ ನಿಲ್ಲುವುದಿಲ್ಲ, ಎರಡನ್ನೂ ಬರೆಯಬೇಕು.

ಹೆಚ್ಚು ಹೊತ್ತು ಹಿಡಿದದ್ದು ಜಾಹೀರಾತಿನ ಶೀರ್ಷಿಕೆ. 30 ಅಕ್ಷರಗಳ ಮಿತಿ. ಊರಿನವರಿಗೆ 'ಇಂದೇ ದಾದಿ ಮನೆಗೆ' ಸಾಕಿತ್ತು. ದೂರದವರಿಗೆ ಬೇಕಾದದ್ದು ಬೇರೆ: ದಾದಿ ಬಂದಳೇ, ಅಮ್ಮ ಊಟ ಮಾಡಿದಳೇ ಎಂದು ಅವರಿಗೆ ತಿಳಿಸುವವರು ಯಾರು? ಒಡತಿ ಪ್ರತಿ ಸಂಜೆ ಮಕ್ಕಳಿಗೆ ಸಂದೇಶ ಕಳುಹಿಸುತ್ತಿದ್ದರು, ಆದರೆ ಜಾಲತಾಣದಲ್ಲಿ ಆ ಮಾತು ಎಲ್ಲಿಯೂ ಇರಲಿಲ್ಲ. ಅದನ್ನೇ ಪುಟದ ಮೇಲ್ತುದಿಗೆ ತಂದೆ. 'ಪ್ರತಿ ಸಂಜೆ ನಿಮಗೆ ಸಂದೇಶ' ಎಂದು ಶೀರ್ಷಿಕೆ ಬರೆದೆ.

ಎಲ್ಲ ಮುಗಿಸಿ ಉಳಿಸುವ ಮುನ್ನ ವೇಳಾಪಟ್ಟಿ ಕಣ್ಣಿಗೆ ಬಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಜಾಹೀರಾತು ನಿಲ್ಲುವಂತೆ ನಾನೇ ಇಟ್ಟಿದ್ದೆ. ವೇಳಾಪಟ್ಟಿ ನಡೆಯುವುದು ಖಾತೆಯ ಗಡಿಯಾರದ ಪ್ರಕಾರ. ಸಮುದ್ರದಾಚೆ ಇರುವ ಮಗನಿಗೆ ಆಗ ನಡುಹಗಲು. ಎರಡನೆಯ ಕ್ಯಾಂಪೇನಿನಿಂದ ಆ ಮಿತಿಯನ್ನು ತೆಗೆದುಹಾಕಿ, ಒಡತಿಗೆ ಮತ್ತೊಮ್ಮೆ ಫೋನ್ ಮಾಡಿದೆ: ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಎತ್ತುವವರು ಯಾರಾದರೂ ಇದ್ದಾರೆಯೇ ಎಂದು ಕೇಳಲು.