ಕೆಂಪು ನೆಲ ಕೀಳಿಸ್ಲಿಲ್ಲ, ನಾವೇ ರಿಪೇರಿ ಮಾಡ್ಕೊಂಡ್ವಿ

ನಮ್ಮನೆಗೆ ಬಂದೋರೆಲ್ಲ ಕಾಫಿ ಲೋಟ ಕೆಳಗಿಡೋಷ್ಟ್ರಲ್ಲಿ ಒಂದು ಮಾತು ಹೇಳೇ ಹೇಳ್ತಾರೆ, "ಇನ್ನೂ ರೆಡ್ ಆಕ್ಸೈಡಾ? ಕಿತ್ತಾಕಿ ಟೈಲ್ಸ್ ಹಾಕ್ಸ್ಬಿಡಿ" ಅಂತ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರೋ ಈ ಮನೆ ಮಾವನವರ ತಂದೆ ಕಟ್ಟಿಸಿದ್ದು, ನಡುಮನೆಯಿಂದ ಹಿತ್ತಲ ಬಾಗಿಲ ತನಕ ಸಿಮೆಂಟಿಗೆ ರೆಡ್ ಆಕ್ಸೈಡ್ ಅನ್ನೋ ಕೆಂಪು ಬಣ್ಣದ ಪುಡಿ ಬೆರೆಸಿ ಹಾಕಿದ ಒಂದೇ ಕೆಂಪು ನೆಲ, ಬೇಸಿಗೇಲಿ ಮಧ್ಯಾಹ್ನ ಚಾಪೆನೂ ಬೇಡ ಹಾಗೇ ಒರಗ್ಬೋದು. ಆದ್ರೆ ವಯಸ್ಸಾಗಿದೆ ನೋಡಿ, ನಡುಮನೆ ಮಧ್ಯ ಒಂದು ಉದ್ದದ ಬಿರುಕು, ಅಡುಗೆಮನೆ ಹೊಸ್ತಿಲ ಹತ್ರ ಒಂದು ಗುಳಿ, ಇನ್ನು ದಸರಾಕ್ಕೆ ಬೊಂಬೆ ಕೂರಿಸೋ ಮೂಲೇಲಿ ನೆಲ ಕಾಲಿಟ್ರೆ ಡಬ್ ಡಬ್ ಅನ್ನೋದು. ಪ್ರತಿ ವರ್ಷ ಮೆಟ್ಟಿಲು ಜೋಡಿಸೋವಾಗ ಅತ್ತೆ ಕೈ ಆ ಜಾಗದಲ್ಲಿ ನಡುಗ್ತಿತ್ತು, ಪಟ್ಟದ ಬೊಂಬೆ ಉರುಳಿದ್ರೆ ಯಾರು ಜವಾಬ್ದಾರಿ ಅಂತ.

ಟೈಲ್ಸ್ ಲೆಕ್ಕ ನಾವೂ ಹಾಕಿ ನೋಡಿದ್ವಿ. ದುಡ್ಡು ಬಿಡಿ, ಅದಕ್ಕಿಂತ ದೊಡ್ಡ ತಲೆನೋವು ಎತ್ತರ. ಹಳೇ ನೆಲದ ಮೇಲೇ ಅಡೆಸಿವ್ ಹಾಕಿ ಅಂಟಿಸಿದ್ರೂ ಟೈಲ್ಸ್ ದಪ್ಪ ಸೇರಿ ಸುಮಾರು 15 ಮಿಲಿಮೀಟರ್ ಏರುತ್ತೆ, ಮಾಮೂಲಿ ಸಿಮೆಂಟ್ ಮರಳು ಹಾಕಿ ಕೂರಿಸಿದ್ರೆ ಒಂದೂವರೆ ಎರಡು ಇಂಚು. ಅಂದ್ರೆ ಪ್ರತಿ ಬಾಗಿಲಿನ ಕೆಳಭಾಗ ಕೊಯ್ಬೇಕು, ಹೊಸ್ತಿಲು ಅರ್ಧ ಮುಳುಗುತ್ತೆ. ಹಳೇ ತೇಗದ ಬಾಗಿಲು ಕೊಯ್ಯೋದಕ್ಕೆ ಮಾವ ಅಂತೂ ಒಪ್ಪಲ್ಲ. ಇನ್ನು ಪೂರ್ತಿ ಕೀಳ್ಸಿದ್ರೆ ಆ ಧೂಳಲ್ಲಿ ಮನೇಲಿ ಇರೋದು ಹೆಂಗೆ, ಆ ಅವಶೇಷನೆಲ್ಲ ಎಲ್ಲಿಗೆ ಸಾಗಿಸೋದು. ಹಾಳಾಗಿರೋದು ಒಂದ್ ಚಾಪೆಯಷ್ಟು ಜಾಗ, ಅದಕ್ಕೋಸ್ಕರ ಇಡೀ ನೆಲ ಕೀಳೋದು ನನಗಂತೂ ಸರಿ ಕಾಣ್ಲಿಲ್ಲ.

ಇದನ್ನ ನಾವೇ ಮಾಡ್ತೀವಿ ಅಂದಾಗ ನಮ್ಮನೆಯವ್ರು ಮೊದಲು ಹೋಗಿದ್ದೇ ಹಾರ್ಡ್‌ವೇರ್ ಅಂಗಡಿಗೆ, ಗಂಡಸರಿಗೆ ರಿಪೇರಿ ಅಂದ್ರೆ ಹೊಸ ಟೂಲ್ಸ್ ತಗೊಳ್ಳೋಕೆ ಒಂದು ನೆಪ ಅಷ್ಟೇ. ನಾನು ಹೇಳೋದೇನಂದ್ರೆ ನೆಲದ ಕೆಲಸದಲ್ಲಿ ಕರಣೆ ಹಿಡಿಯೋದು ಆಮೇಲೆ, ಒಳಗೆ ಏನಾಗಿದೆ ಅಂತ ಗೊತ್ತುಮಾಡ್ಕೊಳ್ಳೋದೇ ಮುಕ್ಕಾಲು ಕೆಲಸ. ಸ್ಕ್ರೂಡ್ರೈವರ್ ಹಿಡಿಕೆಯಿಂದ ನೆಲ ಪೂರ್ತಿ ತಟ್ಕೊಂಡು ಬನ್ನಿ, ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪೊಳ್ಳು ಇರೋ ಕಡೆ ದಪ್ಪ ಸದ್ದು, ಆ ಪೊಳ್ಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಕಣ್ಣಿಗೆ ಕಾಣೋ ಬಿರುಕಿಗಿಂತ ಕಾಣದ ಪೊಳ್ಳು ಜಾಸ್ತಿ ಜಾಗ ತಿಂದಿರುತ್ತೆ.

ಬಿರುಕಿನ ಎರಡೂ ತುದೀಲಿ ಪೆನ್ಸಿಲ್ಲಿಂದ ಗುರುತು ಹಾಕಿ ಪಕ್ಕದಲ್ಲೇ ತಾರೀಖು ಬರ್ದು ಕೆಲವು ತಿಂಗಳು ಸುಮ್ನೆ ನೋಡಿ. ಗುರುತು ದಾಟಿ ಬೆಳೀತಿದ್ರೆ, ಇಲ್ಲಾ ಅದೇ ಬಿರುಕು ಗೋಡೆ ಮೇಲೂ ಹತ್ತಿದ್ರೆ, ಅದು ನೆಲದ ಸಮಸ್ಯೆ ಅಲ್ಲ, ಬುಡ ಕುಸೀತಿರಬೋದು, ಇಂಜಿನಿಯರ್ ಕರ್ಸಿ. ನಮ್ಮದು ಬೆಳೀಲಿಲ್ಲ. ಈ ನೆಲದಲ್ಲಿ ಟೈಲ್ಸ್ ಥರ ಸಂದು ಇರಲ್ವಲ್ಲ, ಸಿಮೆಂಟು ಒಣಗಿ ಕುಗ್ಗೋವಾಗ ತನಗೆ ಬೇಕಾದ ಕಡೆ ತಾನೇ ಬಿಟ್ಕೊಳ್ಳುತ್ತೆ. ಹಿಂದಿನವರು ಹಸಿ ಇರೋವಾಗ್ಲೇ ದಾರ ಒತ್ತಿ ಚೌಕ ಚೌಕ ಗೆರೆ ಹಾಕ್ತಿದ್ರು, ನಮ್ಮ ವೆರಾಂಡದಲ್ಲಿ ಅದು ಇನ್ನೂ ನೀಟಾಗಿದೆ.

ತೇವ ನೋಡೋಕೆ ಒಂದು ಪ್ಲಾಸ್ಟಿಕ್ ಶೀಟನ್ನ ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ರಾತ್ರಿ ಪೂರ್ತಿ ಬಿಡಿ, ಬೆಳಿಗ್ಗೆ ಅಡಿಯಲ್ಲಿ ನೀರಿನ ಹನಿ ಇದ್ರೆ ಕೆಳಗಿಂದ ತೇವ ಏರ್ತಿದೆ ಅಂತ ಅರ್ಥ. ಹಂಗಿದ್ರೆ ಮೇಲೆ ಎಷ್ಟು ಚೆನ್ನಾಗಿ ಮಾಡಿದ್ರೂ ಬಿಳಿ ಉಪ್ಪು ಉಕ್ಕಿ ಎದ್ದು ಬರುತ್ತೆ.

ಕೆಲಸ ಶುರು ಮಾಡಿದ್ದು ಆಷಾಢದಲ್ಲಿ. ಮದುವೆ ಮುಂಜಿ ಇಲ್ಲ, ನೆಂಟರ ಕಾಟ ಇಲ್ಲ, ಶುಕ್ರವಾರ ಒಂದು ಚಾಮುಂಡಿ ಬೆಟ್ಟದ ಕಡೆ ಜನಜಂಗುಳಿ ಅನ್ನೋದು ಬಿಟ್ರೆ ಊರು ಆರಾಮ. ಅದಕ್ಕಿಂತ ಮುಖ್ಯ ಹವಾ, ಮೋಡ ಮುಚ್ಕೊಂಡು ಜಡಿ ಹಿಡಿದಿರುತ್ತೆ, ಸಿಮೆಂಟು ಬೇಗ ಒಣಗಲ್ಲ. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಹಾಕ್ಕೊಂಡು ಮಾಡೋ ಕೆಲಸ ಅಲ್ಲ ಇದು.

ಪಾಂಡವಪುರದ ಕಡೆಯಿಂದ ಬರೋ ಒಬ್ರು ಹಿರೀ ಗಾರೆ ಕೆಲಸದವರಿದ್ದಾರೆ, ಪಕ್ಕದ ಬೀದೀಲಿ ಕೆಲಸ ನಡೀತಿತ್ತು, ಸಂಜೆ ಕಾಫಿಗೆ ಕರೆದು ತೋರಿಸ್ದೆ. ಪೊಳ್ಳು ಜಾಗ ಕಾಲಲ್ಲೇ ಒಂದ್ಸಲ ಒತ್ತಿ ನೋಡಿ, "ಅಂಚ ನೇರ್ಕೆ ಕೊಯ್ಯವ್ವ, ಸವುರ್ದಂಗೆ ಬುಟ್ರೆ ಚಕ್ಕೆ ಎದ್ಬುಡ್ತದೆ" ಅಂದ್ರು. ಅದು ನೂರಕ್ಕೆ ನೂರು ನಿಜ. ಗುಳಿ ಅಂಚು ತೆಳ್ಳಗೆ ಇಳಿಜಾರಾಗಿದ್ರೆ ಹೊಸ ಸಿಮೆಂಟಿಗೆ ಅಲ್ಲಿ ದಪ್ಪನೇ ಇರಲ್ಲ, ಒಡ್ಕೊಂಡು ಬರುತ್ತೆ. ಬಾಡಿಗೆಗೆ ತಂದ ಗ್ರೈಂಡರಲ್ಲಿ ಚೌಕಾಕಾರಕ್ಕೆ ಅಂಚು ಕೊಯ್ದು ಒಳಗಿನ ಪೊಳ್ಳನ್ನ ಉಳಿ ಸುತ್ತಿಗೇಲಿ ತೆಗೆದಿದ್ದು. ಈ ಧೂಳಿನ ವಿಷ್ಯ ಹಗುರ ಮಾಡ್ಬೇಡಿ, ಮರಳಿನ ಸಿಲಿಕಾ ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಎನ್ 95 ಮಾಸ್ಕು ಕನ್ನಡಕ ಎರಡೂ ಹಾಕ್ಕೊಳ್ಳಿ. ಹಸಿ ಸಿಮೆಂಟ್ ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡುತ್ತೆ, ಅದಕ್ಕೆ ಗ್ಲೌಸು.

ಇನ್ನು ಬಣ್ಣದ ಕಥೆ. ಅಂಗಡೀಲಿ ರೆಡ್ ಆಕ್ಸೈಡ್ ಅಂತ ಕೇಳಿ ತಗೊಳ್ಳಿ, ರಂಗೋಲಿ ಅಂಚಿಗೆ ತರೋ ಕೆಮ್ಮಣ್ಣು ಹಾಕ್ಬೇಡಿ, ಅದರಲ್ಲಿ ಜೇಡಿ ಇರುತ್ತೆ, ಸಿಮೆಂಟು ಬಲ ಕಳ್ಕೊಳ್ಳುತ್ತೆ. ಆಕ್ಸೈಡೇ ಆದ್ರೂ ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ದಾಟ್ಬಾರ್ದು. ಬೇಕಾದಷ್ಟನ್ನೂ ಒಂದೇ ಸಲ ಒಣದಾಗ್ಲೇ ಕಲಸಿ ಜರಡಿ ಹಿಡಿದು ಡಬ್ಬಕ್ಕೆ ತುಂಬಿಟ್ಕೊಂಡ್ರೆ ಒಂದು ಕಡೆ ಒಂದು ಬಣ್ಣ ಆಗೋದು ತಪ್ಪುತ್ತೆ, ನೀರೂ ಪ್ರತಿಸಲ ಅಳೆದೇ ಹಾಕಿ, ನೀರು ಜಾಸ್ತಿ ಆದಷ್ಟೂ ಒಣಗಿದ್ಮೇಲೆ ಪೇಲವ ಆಗುತ್ತೆ. ಹಸಿ ಇದ್ದಾಗ ಕಾಣೋ ಬಣ್ಣ ನಂಬಲೇಬೇಡಿ, ನಾನು ಹಳೇ ಟೈಲ್ಸ್ ಚೂರುಗಳ ಮೇಲೆ ಬೇರೆ ಬೇರೆ ಅಳತೆ ಬಳಿದು ಒಣಗಿಸಿ, ಹಳೇ ನೆಲದ ಪಕ್ಕ ಇಟ್ಟು ನೋಡಿ ಆಮೇಲೇ ಒಂದನ್ನ ಆರಿಸಿದ್ದು.

ಕೊಯ್ದ ಜಾಗಕ್ಕೆ ಹಿಂದಿನ ರಾತ್ರಿನೇ ನೀರು ಕುಡಿಸಿ, ಬೆಳಿಗ್ಗೆ ನಿಂತ ನೀರು ಒರೆಸಿ ಸಿಮೆಂಟ್ ಹಾಲು (ನೀರಾಗಿ ಕಲಸಿದ ಸಿಮೆಂಟು) ಬಳಿದು, ಅದು ಒಣಗೋ ಮುಂಚೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಿದ್ವಿ. ಮೇಲೆ ಐದು ಮಿಲಿಮೀಟರ್‌ನಷ್ಟು ಬಿಟ್ಟು ಗಾರೆ ಸ್ವಲ್ಪ ಬಿಗಿ ಆದ್ಮೇಲೆ ಕೆಂಪು ಹದ, ಅಂದ್ರೆ ಡಬ್ಬಕ್ಕೆ ತುಂಬಿಟ್ಟಿದ್ದ ಸಿಮೆಂಟು ಆಕ್ಸೈಡು ನೀರಲ್ಲಿ ಕಲಸಿದ್ದು. ಬಿರುಕಿಗೂ ಅಷ್ಟೇ, ಅಗಲ ಮಾಡಿ ಕ್ಲೀನ್ ಮಾಡಿ ಅದೇ ಹದ ತುಂಬೋದು. ಆಮೇಲೆ ಕಾಯೋದು. ಹೆಬ್ಬೆಟ್ಟು ಒತ್ತಿದ್ರೆ ಗುರುತು ಬೀಳ್ಬೇಕು, ಆದ್ರೆ ಕೈಗೆ ಅಂಟ್ಬಾರ್ದು, ಆಗ ಕರಣೆ ತಿಕ್ಕೋಕೆ ಶುರು. ಮಧ್ಯೆ ಮಧ್ಯೆ ಬಿಟ್ಟು ಮತ್ತೆ ಮತ್ತೆ ತಿಕ್ಬೇಕು, ಹೊಳಪು ಬರೋದು ಆ ತಿಕ್ಕೋದ್ರಿಂದ್ಲೇ, ಪಾಲಿಶಿಂದ ಅಲ್ಲ. ಬೇಗ ಮುಗೀಲಿ ಅಂತ ಮೇಲೆ ಒಣ ಸಿಮೆಂಟ್ ಉದುರಿಸೋರನ್ನ ನೋಡಿದೀನಿ, ನೀರು ಹೀರ್ಕೊಂಡು ಆ ಕ್ಷಣಕ್ಕೆ ನುಣುಪಾಗುತ್ತೆ ನಿಜ, ಆಮೇಲೆ ಮೇಲ್ಪದರ ಪುಡಿ ಪುಡಿ ಏಳುತ್ತೆ. ಭುಜ ಮಾತ್ರ ಎರಡು ದಿನ ಎತ್ತಕ್ಕಾಗ್ಲಿಲ್ಲ, ಅದು ಬೇರೆ ವಿಷ್ಯ.

ಜನ ಕೆಡಿಸ್ಕೊಳ್ಳೋದು ಇದಾದ್ಮೇಲೆ. ಗಟ್ಟಿ ಆಯ್ತಲ್ಲ ಅಂತ ಮಾರನೇ ದಿನಾನೇ ಸೋಫಾ ಎಳ್ಕೊಂಡು ಬಂದುಬಿಡ್ತಾರೆ. ಸಿಮೆಂಟು ಒಣಗಿ ಗಟ್ಟಿ ಆಗೋದಲ್ಲ, ನೀರಿನ ಜೊತೆ ಸೇರಿ ಗಟ್ಟಿ ಆಗೋದು, ನೀರು ಆರಿದ್ರೆ ಕೆಲಸ ಅಲ್ಲಿಗೇ ನಿಂತುಹೋಗುತ್ತೆ. ಐಎಸ್ 456 ಅನ್ನೋ ಭಾರತೀಯ ಮಾನಕ ಕಾಂಕ್ರೀಟಿಗೆ ಹೇಳೋ ಪ್ರಕಾರ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿರೋ ಪಿಪಿಸಿ ಥರದ್ದಕ್ಕೆ 10 ದಿನ ನೀರು ಕಟ್ಬೇಕು, ಚೀಲದ ಮೇಲೆ ಯಾವ್ದು ಅಂತ ಬರೆದಿರುತ್ತೆ ನೋಡ್ಕೊಳ್ಳಿ, ನೆಲಕ್ಕೂ ಅದೇ ಲೆಕ್ಕ ಹಿಡಿದ್ರೆ ಮೋಸ ಇಲ್ಲ. ಗೋಣಿಚೀಲ ಹಾಸಿದ್ರೆ ಬಣ್ಣದ ನೆಲದಲ್ಲಿ ಕಲೆ ಉಳಿಯುತ್ತೆ, ಅದಕ್ಕೆ ಸುತ್ತ ಮರಳಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ವಿ. ಮಾವ ದಿನಾ ಪೇಪರ್ ಓದಿ ಮುಗಿಸಿ ಚೊಂಬಲ್ಲಿ ನೀರು ತಂದು ಹಾಕೋರು, "ಏನಮ್ಮಾ, ಗಿಡ ನೆಟ್ಟಿದೀಯೋ ನೆಲ ಹಾಕಿದೀಯೋ" ಅಂತ ತಮಾಷೆ ಬೇರೆ.

ಪೂರ್ತಿ ಒಣಗಿದ್ಮೇಲೆ ವ್ಯಾಕ್ಸ್ ಪಾಲಿಶ್ ಹಾಕಿದ್ವಿ. ಕೊಬ್ಬರಿ ಎಣ್ಣೆನೂ ಹಾಕ್ತಾರೆ, ಆದ್ರೆ ಧೂಳು ಹಿಡಿಯುತ್ತೆ, ವಯಸ್ಸಾದವರಿರೋ ಮನೇಲಿ ಜಾರಿದ್ರೆ ಕಷ್ಟ. ಆಸಿಡ್ ಮಾತ್ರ ಯಾವ ಕಾರಣಕ್ಕೂ ಹಾಕ್ಬೇಡಿ, ಸಿಮೆಂಟನ್ನೇ ಕರಗಿಸುತ್ತೆ.

ಬಣ್ಣ ಹೊಂದಿತಾ ಅಂತ ಕೇಳಿದ್ರೆ, ಇಲ್ಲ. ಎಷ್ಟೋ ವರ್ಷ ಕಾಲು, ಎಣ್ಣೆ, ಒದ್ದೆ ಬಟ್ಟೆ ತಾಗಿ ಮಾಗಿರೋ ನೆಲದ ಪಕ್ಕ ಹೊಸ ಚೌಕ ಗೊತ್ತಾಗೇ ಗೊತ್ತಾಗುತ್ತೆ. ನನಗೆ ಅದು ಬೇಜಾರಿಲ್ಲ, ಬೇಜಾರಿರೋರು ಸುತ್ತ ಕಪ್ಪು ಆಕ್ಸೈಡಲ್ಲಿ ಒಂದು ಅಂಚು ಎಳೆದ್ರೆ ಬೇಕಂತಲೇ ಮಾಡಿದ ಡಿಸೈನ್ ಥರ ಕಾಣುತ್ತೆ. ಬೊಂಬೆ ಮೂಲೆ ಈಗ ಟಣ್ ಅನ್ನುತ್ತೆ, ಅತ್ತೆ ತಟ್ಟಿ ನೋಡಿ ಆಯ್ತು.

ಬಾತ್‌ರೂಮ್ ನೆಲ ಇನ್ನೂ ಹಾಗೇ ಇದೆ, ಅದಕ್ಕೆ ನಾವು ಕೈ ಹಾಕಲ್ಲ. ಅಲ್ಲಿ ವಾಟರ್‌ಪ್ರೂಫಿಂಗ್ ಒಂಚೂರು ತಪ್ಪಿದ್ರೂ ಪಕ್ಕದ ರೂಮಿನ ಗೋಡೆ ನೆನೆಯುತ್ತೆ, ನೀರು ಹೋಗೋ ಇಳಿಜಾರು ಸರಿ ಇಲ್ದಿದ್ರೆ ದಿನಾ ಬೈಸ್ಕೊಬೇಕು. ಆ ಹಿರೀ ಗಾರೆ ಕೆಲಸದವರಿಗೇ ಹೇಳಿದೀನಿ, ಗೌರಿ ಹಬ್ಬ ಕಳೀಲಿ ಬರ್ತೀನಿ ಅಂದಿದ್ದಾರೆ.